ಎಡದಂಡೆ ನಾಲೆಯ ಜೊತೆ ಆರು ದಿನ

ನಮ್ಮದು ಮಂಡ್ಯ ಸೀಮೆಯ ಊರು. ವಿಶ್ವೇಶ್ವರಯ್ಯ ನಾಲೆ ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಹರಿಯುತ್ತದೆ. ನಾಲೆ ಬರುವ ಮುಂಚೆ ಇಲ್ಲಿ ರಾಗಿ, ಹುರುಳಿ ಬಿಟ್ಟರೆ ಏನೂ ಆಗುತ್ತಿರಲಿಲ್ಲವಂತೆ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಆ ಬಡತನದ ಕಥೆಯನ್ನೆಲ್ಲ ಹೇಳಿ ನಮ್ಮ ತಾತ ಕೊನೆಗೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ನೀರು ಬಂತು, ಊರು ಎದ್ದು ನಿಂತ್ಕೊಂತು ಕಣಪ್ಪ." ನಾನೂ ಅದನ್ನೇ ನಂಬಿಕೊಂಡು ಬೆಳೆದೆ.

ಕಾಲೇಜಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಸಿಂಧನೂರಿನವನು. ಅವನ ಹತ್ತಿರ ಒಮ್ಮೆ ಈ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮ ಕಡೀನೂ ನೀರು ಬಂದೈತಿ. ಒಂದ್ ಸಲ ಬಂದು ನೋಡಿ ಹೋಗು, ಆಮ್ಯಾಲ ಮಾತಾಡೂಣು" ಅಂದ. 2024ರ ನವೆಂಬರ್ ಕೊನೆಯಲ್ಲಿ ಹೊರಟೆ. ತುಂಗಭದ್ರಾ ಎಡದಂಡೆ ನಾಲೆ ಹುಟ್ಟುವ ಜಾಗದಿಂದ ಅದು ಮುಗಿಯುವ ಕಡೆಗೆ, ಆಮೇಲೆ ಅದು ಮುಟ್ಟದೇ ಇರುವ ಊರುಗಳಿಗೆ ಹೋಗಿ ಬರಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ.

ಮೊದಲ ದಿನ: ಮುನಿರಾಬಾದ್

ಮಂಡ್ಯದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ನದಿ ದಾಟಿ ಮುನಿರಾಬಾದಿಗೆ ಬಂದೆ. ಡ್ಯಾಂ ತುಂಬಿತ್ತು. ದಡದಲ್ಲಿ ನಿಂತರೆ ಆಚೆ ತುದಿ ಕಾಣದಷ್ಟು ನೀರು.

ಈ ಡ್ಯಾಮಿನ ಹುಟ್ಟೇ ಎರಡು ಕಡೆಯದು. 1945ರಲ್ಲಿ ಅಡಿಗಲ್ಲು ಹಾಕಿದಾಗ ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ಹೈದರಾಬಾದ್ ನಿಜಾಮರದ್ದು. 1953ರ ಹೊತ್ತಿಗೆ ಕೆಲಸ ಮುಗಿದು ನೀರು ಹರಿಯುವಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು, ಅದೇ ವರ್ಷ ಮದ್ರಾಸ್ ಕೂಡ ಒಡೆಯಿತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಂದರೆ ಎಡದಂಡೆಯ ಜನಕ್ಕೆ ನೀರು ಮೊದಲು ಬಂತು, ಕನ್ನಡದ ಸರ್ಕಾರ ಆಮೇಲೆ ಬಂತು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಡೀ ಪ್ರವಾಸದಲ್ಲಿ ನನಗೆ ಇದು ಮತ್ತೆ ಮತ್ತೆ ನೆನಪಾಯಿತು. ನಮ್ಮ ಕಡೆ ಕನ್ನಂಬಾಡಿ ಕಟ್ಟಿದವರೇ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತೆಗೆದರು. ಕಬ್ಬು ಬೆಳೆಯುವವನಿಗೆ ಕಬ್ಬು ಕೊಳ್ಳುವವನು ಊರಲ್ಲೇ ಸಿಕ್ಕಿದ. ಇಲ್ಲಿ ನೀರು ಬಂದಾಗ ಕೈಹಿಡಿದು ನಡೆಸುವ ಸರ್ಕಾರವೇ ಬದಲಾಗುತ್ತಿತ್ತು.

ಅದೇ 2024ರ ಆಗಸ್ಟ್ 10ರ ರಾತ್ರಿ ಇಲ್ಲಿಯ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿಹೋಗಿದ್ದು ನಿಮಗೂ ನೆನಪಿರಬಹುದು. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಕೆಲಸಗಾರರು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಡ್ಯಾಮಿನ ಹತ್ತಿರ ಚಹಾ ಮಾರುವ ಒಬ್ಬರು ಆ ವಾರದ ಬಗ್ಗೆ ಹೇಳಿದರು. "ಸಿಂಧನೂರಿಂದ, ಮಾನ್ವಿಯಿಂದ ಜನ ಗಾಡಿ ಮಾಡ್ಕೊಂಡು ಬರ್ತಿದ್ರುರಿ. ಬಂದು ಸುಮ್ನ ನಿಂತು ನೋಡೋರು. ಯಾರೂ ಮಾತಾಡ್ತಿರ್ಲಿಲ್ಲ." ನೂರು ಕಿಲೋಮೀಟರ್ ದೂರದ ಹೊಲದವನು ಒಂದು ಕಬ್ಬಿಣದ ಗೇಟನ್ನು ನೋಡಲು ಬಂದು ನಿಲ್ಲುತ್ತಾನೆ. ನಮ್ಮ ಕಡೆ ಕನ್ನಂಬಾಡಿಯ ಮಟ್ಟ ಎಷ್ಟು ಅಡಿ ಅಂತ ಪೇಪರಿನಲ್ಲಿ ಮೊದಲು ನೋಡುತ್ತೇವಲ್ಲ, ಅದೇ ಜೀವ ಹಿಡಿದ ಲೆಕ್ಕ.

ಇಲ್ಲಿ ಆ ಲೆಕ್ಕ ಇನ್ನೂ ಬಿಗಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ನಾಲೆ ಮಾತ್ರ ಅಷ್ಟೇ ಉದ್ದ, 227 ಕಿಲೋಮೀಟರ್.

ಎರಡನೇ ದಿನ: ಗಂಗಾವತಿ, ಕಾರಟಗಿ

ಗಂಗಾವತಿ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಒಂದೇ ಬಣ್ಣ. ಮಾಗಿದ ನೆಲ್ಲು. ನಾವು ಬತ್ತ ಅನ್ನುವುದನ್ನು ಇಲ್ಲಿ ನೆಲ್ಲು ಅನ್ನುತ್ತಾರೆ. ಟಾರ್ ರಸ್ತೆಯ ಅರ್ಧಕ್ಕೆ ನೆಲ್ಲು ಹರಡಿ ಒಣಹಾಕಿದ್ದರು. ಡ್ರೈವರ್ ಒಂದು ಕಾಳೂ ತುಳಿಯದ ಹಾಗೆ ಬಸ್ಸನ್ನು ಪಕ್ಕಕ್ಕೆ ತೆಗೆದುಕೊಂಡು ಹೋಗುತ್ತಿದ್ದರು.

ಕಾರಟಗಿಯಲ್ಲಿ ರಸ್ತೆಯ ಎರಡೂ ಬದಿಗೆ ರೈಸ್ ಮಿಲ್ಲುಗಳು. ಬೆಂಗಳೂರಿನ ಅಂಗಡಿಯಲ್ಲಿ ನಾವು ಸೋನಾ ಮಸೂರಿ ಅಂತ ಕೇಳಿ ತರುವ ಅಕ್ಕಿ ಬಹಳಷ್ಟು ಈ ಕಡೆಯದು. ಗೆಳೆಯನ ಪರಿಚಯದ ಒಂದು ಮಿಲ್ಲಿಗೆ ಹೋದೆವು. ಲಾರಿಯಿಂದ ಚೀಲ ಇಳಿಸುತ್ತಿದ್ದ ಹಮಾಲರನ್ನು ನೋಡುತ್ತಾ ತುಂಬಾ ಹೊತ್ತು ನಿಂತೆ. ಒಂದೊಂದು ಚೀಲ 75 ಕಿಲೋ. ಬೆನ್ನಿಗೆ ಗೋಣಿ ಹೊದ್ದು, ತಲೆ ಬಗ್ಗಿಸಿ, ಲಾರಿಯ ಅಂಚಿನಿಂದ ಚೀಲ ಬೆನ್ನಿಗೆ ಜಾರುವಾಗ ಮಂಡಿಯನ್ನು ಒಂಚೂರು ಬಗ್ಗಿಸುತ್ತಾರೆ. ಆ ಬಗ್ಗುವಿಕೆಯಲ್ಲೇ ಎಲ್ಲಾ ಕಸುಬು ಇದೆ. ನಂತರ ಸಣ್ಣ ಸಣ್ಣ ಹೆಜ್ಜೆಯಲ್ಲಿ ಬೇಗ ಬೇಗ ಹೋಗಿ ನಿಟ್ಟಿನ ಮೇಲೆ ಇಳಿಸುತ್ತಾರೆ. ಒಬ್ಬರನ್ನು ಯಾವ ಊರು ಅಂತ ಕೇಳಿದೆ. "ಲಿಂಗಸ್ಗೂರು ಕಡೆ ರೀ" ಅಂದರು. ಇನ್ನೊಬ್ಬರದು ಕುಷ್ಟಗಿ ಕಡೆಯ ಹಳ್ಳಿ. ಕೇಳಿದವರಲ್ಲಿ ಯಾರೂ ನಾಲೆಯ ಊರಿನವರಲ್ಲ.

ಇಲ್ಲಿಯ ಊರುಗಳ ಹೆಸರಿನಲ್ಲಿ 'ಕ್ಯಾಂಪ್' ಅನ್ನುವ ಪದ ಜಾಸ್ತಿ. ಹೊಲದ ಮಧ್ಯೆ ನೆಟ್ಟಗಿನ ಬೀದಿ, ಎರಡಂತಸ್ತಿನ ಮನೆ, ಮನೆ ಮುಂದೆ ಟ್ರ್ಯಾಕ್ಟರ್. 1950ರ ದಶಕದಲ್ಲಿ ನಾಲೆಗೆ ನೀರು ಬಿಡುವ ಹೊತ್ತಿಗೆ ಕೃಷ್ಣಾ, ಗೋದಾವರಿ ಸೀಮೆಯಿಂದ ತೆಲುಗು ರೈತರು ಬಂದು ನೆಲೆಸಿದ ಊರುಗಳಿವು. ಗಂಗಾವತಿ ಹತ್ತಿರದ ಶ್ರೀರಾಮನಗರವೂ ಅಂಥದ್ದೇ. ಅಲ್ಲಿನ ಒಬ್ಬ ಹಿರಿಯರು ನಮ್ಮನ್ನು ಕೂರಿಸಿಕೊಂಡು ಒಳ್ಳೆಯ ಕನ್ನಡದಲ್ಲಿ ಮಾತಾಡಿದರು. ಅವರ ತಂದೆ ಬಂದಾಗ ಇಲ್ಲಿ ಎಲ್ಲಾ ಎರೆ ಹೊಲ. ಜೋಳ, ಹತ್ತಿ. ಅವರು ಊರಲ್ಲಿದ್ದ ಒಂದು ಎಕರೆ ಮಾರಿ ಬಂದ ದುಡ್ಡಿನಲ್ಲಿ ಇಲ್ಲಿ ಹಲವು ಎಕರೆ ಕೊಂಡರಂತೆ. ನೆಲ ಮಟ್ಟ ಮಾಡಿದರು, ಬದು ಹಾಕಿದರು, ಗುಡಿಸಲಲ್ಲಿದ್ದುಕೊಂಡು ಹಾವು ಚೇಳಿನ ಮಧ್ಯೆ ಮಕ್ಕಳನ್ನು ಬೆಳೆಸಿದರು. ಅವರು ಪಟ್ಟ ಕಷ್ಟ ನಿಜ. ಅದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇಲ್ಲ.

ವಾಪಸ್ ಬರುವಾಗ ಗೆಳೆಯ ತನ್ನ ಅಜ್ಜನ ಕಥೆ ಹೇಳಿದ. ಎರೆ ಭೂಮಿಗೆ ನೀರು ಬಿಟ್ಟರೆ ನೆಲ ಕೊಳೆಯುತ್ತದೆ, ಎತ್ತು ಹೂತುಹೋಗುತ್ತವೆ ಅಂತ ಆಗ ಎಲ್ಲರೂ ಹೆದರಿದ್ದರಂತೆ. ನೆಲ್ಲು ಬೆಳೆದು ಗೊತ್ತಿಲ್ಲ. ಮಟ್ಟ ಮಾಡಿಸಲು ದುಡ್ಡಿಲ್ಲ. ಸಾಲ ಕೊಡಲು ಬ್ಯಾಂಕಿಲ್ಲ. ಹಾಗಿರುವಾಗ ಕೈಯಲ್ಲಿ ರೊಕ್ಕ ಹಿಡಿದು ಬಂದವರಿಗೆ ಮಾರಿದರು. "ನಮ್ಮಜ್ಜ ಮಾರಿದ್ದು ಎಂಟು ಎಕರೆ. ಉಳಿಸಿಕೊಂಡಿದ್ದು ನಾಲ್ಕು. ಆ ನಾಲ್ಕರಾಗ ನಾ ಓದಿದೆ" ಅಂದ.

ನೀರು ಎಲ್ಲರ ಹೊಲದ ಪಕ್ಕ ಒಂದೇ ದಿನ ಬಂತು. ಅದನ್ನು ಬಳಸಿಕೊಳ್ಳಲು ಬೇಕಾದ ದುಡ್ಡು, ತಿಳಿವಳಿಕೆ, ಧೈರ್ಯ ಮಾತ್ರ ಕೆಲವರ ಹತ್ತಿರವೇ ಇತ್ತು. ಬಯಲುಸೀಮೆಯ ರೈತನಿಗೆ ಆಗ ಒಂದು ಐದು ವರ್ಷ ಯಾರಾದರೂ ಜೊತೆಗೆ ನಿಂತು ಸಾಲ ಕೊಟ್ಟು, ಬೇಸಾಯ ಕಲಿಸಿಕೊಟ್ಟಿದ್ದರೆ ಎಷ್ಟೋ ಮನೆಗಳ ಹಣೆಬರಹ ಬೇರೆಯಾಗುತ್ತಿತ್ತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೇ ದಿನ: ಸಿಂಧನೂರು

ಸಿಂಧನೂರು ನೋಡಿದರೆ ಬಡ ಊರು ಅಂತ ಯಾರೂ ಅನ್ನುವುದಿಲ್ಲ. ಟ್ರ್ಯಾಕ್ಟರ್ ಶೋರೂಮುಗಳು ಸಾಲಾಗಿ ನಿಂತಿವೆ. ಗೊಬ್ಬರದ ಅಂಗಡಿ, ಬೀಜದ ಅಂಗಡಿ, ಬಂಗಾರದ ಅಂಗಡಿ, ಲಾಡ್ಜು. ಬೆಳಿಗ್ಗೆ ಹತ್ತಕ್ಕೇ ರಸ್ತೆ ದಾಟುವುದು ಕಷ್ಟ.

ಇದೇ ಸಿಂಧನೂರು 2002ರ ನಂಜುಂಡಪ್ಪ ವರದಿಯಲ್ಲಿ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಯಲ್ಲಿದೆ. ಗೆಳೆಯ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ರಾಜ್ಯದ 175 ತಾಲ್ಲೂಕುಗಳನ್ನು ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 35 ಅಂಶ ಇಟ್ಟುಕೊಂಡು ಅಳೆಯಿತು. 114 ಹಿಂದುಳಿದವು ಅಂತ ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದ್ದೇ. ರಾಯಚೂರು ಜಿಲ್ಲೆಯಿಂದ ದೇವದುರ್ಗ, ಲಿಂಗಸ್ಗೂರು, ಮಾನ್ವಿ, ಜೊತೆಗೆ ಸಿಂಧನೂರು. ನಾಲೆ ಕಂಡ ಊರು, ಕಾಣದ ಊರು ಎರಡೂ ಒಂದೇ ಸಾಲಿನಲ್ಲಿ.

ಹೇಗೆ ಅಂತ ಅರ್ಥವಾಗಲು ನನಗೆ ಅರ್ಧ ದಿನ ಬೇಕಾಯಿತು. ಗೆಳೆಯನ ಬೈಕಿನಲ್ಲಿ ಹಳ್ಳಿಗಳಿಗೆ ಹೋದೆವು. ಕ್ಯಾಂಪಿನ ಮನೆಯಲ್ಲಿ ಮಗ ಹೈದರಾಬಾದಿನಲ್ಲಿ ಓದುತ್ತಾನೆ. ಅಲ್ಲಿಂದ ಎರಡು ಕಿಲೋಮೀಟರ್ ದೂರದ ಮೂಲ ಊರಿನಲ್ಲಿ ನೆಲ್ಲು ಹಚ್ಚಲು ಹೋಗುವ ಹೆಣ್ಣುಮಕ್ಕಳ ಮನೆಗೆ ಸರಿಯಾದ ಬಾಗಿಲಿಲ್ಲ. ಹಳ್ಳಿಯ ಆದಾಯ ಲೆಕ್ಕ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಎಷ್ಟು ಜನ ಓದಿದ್ದಾರೆ, ಬಾಣಂತಿಗೆ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿದರೆ ಚಿತ್ರ ಬದಲಾಗುತ್ತದೆ. ಆ ಸಮಿತಿ ಅಳೆದದ್ದು ಇದೆಲ್ಲವನ್ನೂ ಸೇರಿಸಿ. ವರದಿ ಬಂದು ಇಪ್ಪತ್ತು ವರ್ಷ ದಾಟಿದೆ, ಬದಲಾಗಿರುವುದೂ ಇದೆ. ಆದರೂ ಆ ಎರಡು ಮನೆಗಳ ನಡುವಿನ ಎರಡು ಕಿಲೋಮೀಟರ್ ಹಾಗೇ ಇದೆ.

ಮಧ್ಯಾಹ್ನ ಆರ್‌ಎಚ್ ಕ್ಯಾಂಪಿಗೆ ಹೋದೆವು. ಆಗಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಊರು. ಮನೆ ಮುಂದೆ ತುಳಸಿ, ಹಿತ್ತಲಲ್ಲಿ ಮೀನಿನ ಹೊಂಡ. ಏನೂ ಇಲ್ಲದೆ ಬಂದವರಿಗೂ ಒಂದು ತುಂಡು ನೆಲ ಸಿಕ್ಕಿದರೆ ನಿಲ್ಲಬಲ್ಲರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಜೆ ರೈಲು ನಿಲ್ದಾಣ ನೋಡಿದೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಅಂದರೆ ನಾಲೆ ಬಂದು ಎಪ್ಪತ್ತು ವರ್ಷ ಆದ ಮೇಲೆ. ನಮ್ಮ ಮಂಡ್ಯದಲ್ಲಿ ಇದು ಉಲ್ಟಾ. ಬೆಂಗಳೂರು–ಮೈಸೂರು ರೈಲು 1882ರಲ್ಲೇ ಓಡಿತು. ನಾಲೆ ಬಂದದ್ದು ಅದಾಗಿ ಐವತ್ತು ವರ್ಷಕ್ಕೆ.

ಅವತ್ತು ರಾತ್ರಿ ಗೆಳೆಯನ ಮನೆಯ ಮಾಳಿಗೆ ಮೇಲೆ ಮಲಗಿ ತುಂಬಾ ಹೊತ್ತು ಮಾತಾಡಿದೆವು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ 1950ರ ದಶಕದಲ್ಲಿ ಮಂಡ್ಯದ ಹತ್ತಿರ ಬಂದು ಇದ್ದು ಎರಡು ಹಳ್ಳಿ ಅಧ್ಯಯನ ಮಾಡಿದ್ದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರಿನವರು ಕಬ್ಬು ಬೆಳೆದು ಶ್ರೀಮಂತರಾದರು, ಆದರೆ ಬೇಸಾಯ ಬಿಟ್ಟು ಆಚೆ ನೋಡಲಿಲ್ಲ. ಒಣ ಊರಿನವರು ಹೊರಗೆ ಬಿದ್ದರು. ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು, ವ್ಯಾಪಾರ ಮಾಡಿದರು, ಸುತ್ತಲಿನ ನೀರಾವರಿ ಊರುಗಳಲ್ಲಿ ಗದ್ದೆ ಕೊಂಡರು. ಬದಲಾವಣೆ ಹೆಚ್ಚು ಕಂಡದ್ದು ಒಣ ಊರಿನಲ್ಲೇ.

ಗೆಳೆಯ ಇದನ್ನು ಕೇಳಿ ಎದ್ದು ಕೂತ. "ನಿಮ್ಮ ಒಣ ಊರಿಗೆ ಮಂಡ್ಯ ಎಷ್ಟು ದೂರ?"

"ನಡೆದು ಹೋಗೋಷ್ಟು. ಸೈಕಲ್ ಇದ್ದರೆ ಇನ್ನೂ ಹತ್ತಿರ."

"ನಮ್ಮ ಒಣ ಊರಿಗೆ ಅಂಥ ಮಂಡ್ಯ ಎಲ್ಲೈತಿ ಹೇಳು" ಅಂದ.

ನಾಲ್ಕನೇ ದಿನ: ಮಾನ್ವಿ, ಸಿರವಾರ

ಸಿಂಧನೂರಿನಿಂದ ಮಾನ್ವಿ ಕಡೆ ಹೋಗುತ್ತಾ ಹಸಿರು ತೆಳ್ಳಗಾಗುತ್ತದೆ. ಮೊದಲು ನೆಲ್ಲಿನ ಮಧ್ಯೆ ಒಂದೊಂದು ಹತ್ತಿ ಹೊಲ. ಆಮೇಲೆ ಹತ್ತಿಯ ಮಧ್ಯೆ ಒಂದೊಂದು ನೆಲ್ಲಿನ ಗದ್ದೆ. ಸಿರವಾರ ಸೇರುವಷ್ಟರಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ. ನಾಲೆ ಮಾತ್ರ ಜೊತೆಗೇ ಬರುತ್ತಿರುತ್ತದೆ.

ಒಂದು ಉಪಕಾಲುವೆಯ ಹತ್ತಿರ ಇಳಿದೆ. ಕಲ್ಲು ಚಪ್ಪಡಿ ಸೀಳಿ ಜಾಲಿ ಗಿಡ ಎದ್ದಿತ್ತು. ತಳದಲ್ಲಿ ಅಂಗೈಯಷ್ಟು ನೀರು ನಿಂತಿತ್ತು, ಹರಿಯುತ್ತಿರಲಿಲ್ಲ. ಅದರಲ್ಲಿ ಒಂದು ಎಮ್ಮೆ ಮಲಗಲು ಜಾಗ ಹುಡುಕುತ್ತಿತ್ತು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ರೈತರು ಬಂದು ಮಾತಾಡಿಸಿದರು. ಅವರ ಬಾಯಲ್ಲಿ ಬರುವುದು ಬರೀ ಗೇಜ್ ಮತ್ತು ಮೈಲ್. "69ನೇ ಮೈಲಿನಾಗ ಇಷ್ಟು ಗೇಜ್ ಇರಬೇಕ್ರಿ. 104ನೇ ಮೈಲಿನಾಗ ಇಷ್ಟು ಇರಬೇಕು. ಅಲ್ಲಿ ಗೇಜ್ ಬಿದ್ರ ನಮಗ ನೀರಿಲ್ಲ." ನಾಲೆಯ ಆಳ ಅಳೆಯುವ ಆ ಪಟ್ಟಿಯ ಮೇಲಿನ ಒಂದು ಅಡಿ ಇಲ್ಲಿ ಒಂದು ಊರಿನ ವರ್ಷದ ಅನ್ನ.

ಕೆಳಭಾಗಕ್ಕೆ ನೀರು ಯಾಕೆ ಬರುವುದಿಲ್ಲ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಈ ನಾಲೆಯನ್ನು ಕಟ್ಟುವಾಗ ಹಾಕಿದ ಲೆಕ್ಕದಲ್ಲಿ ನೆಲ್ಲಿಗೆ ಸಿಕ್ಕಿದ್ದು ಸ್ವಲ್ಪ ಪಾಲು. ಉಳಿದದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಕಡಿಮೆ ನೀರು, ಹೆಚ್ಚು ಊರು ಅಂತ ಆಸೆ. ಮೇಲ್ಭಾಗದಲ್ಲಿ ಎಲ್ಲೆಲ್ಲೂ ನೆಲ್ಲು ಬಂತು. ನೆಲ್ಲಿನ ಜೊತೆ ಮಿಲ್ಲು ಬಂತು, ಮಿಲ್ಲಿನ ಜೊತೆ ವ್ಯಾಪಾರ ಬಂತು. ಹಾಗಾದ ಮೇಲೆ ನೆಲ್ಲು ಬಿಡು ಅಂತ ಯಾರಿಗೆ ಹೇಳುವುದು? ನಾಲೆಗೆ ಪಂಪ್ ಇಟ್ಟು ನೀರೆತ್ತುವುದನ್ನು ತಡೆಯಲು ನಾಲೆಯುದ್ದಕ್ಕೂ ನಿಷೇಧಾಜ್ಞೆ ಹಾಕುವುದು ಇಲ್ಲಿ ಹೊಸದಲ್ಲ. ಮೇಲಿನ ರೈತನನ್ನು ಕಳ್ಳ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾಲ ಮಾಡಿ ಬೆಳೆ ಇಟ್ಟವನ ಕಣ್ಣೆದುರು ನೀರು ಹರಿಯುತ್ತಿದ್ದರೆ ಅವನೇನು ಮಾಡಿಯಾನು. ಆದರೆ ಅವನ ಒಂದು ಬೆಳೆ ಇನ್ನೊಬ್ಬನ ಎರಡು ಬೆಳೆಯನ್ನು ತಿಂದಿರುತ್ತದೆ. ಮೇಲ್ಭಾಗದ ಹೊಲಗಳೂ ಸುಖವಾಗಿಲ್ಲ. ಅತಿ ನೀರಿನಿಂದ ಸವಳು ಎದ್ದು ಬೆಳ್ಳಗಾದ ನೆಲವನ್ನು ಗಂಗಾವತಿ ಕಡೆ ನಾನೇ ನೋಡಿದ್ದೆ. ಒಂದು ತುದಿಯಲ್ಲಿ ನೀರು ಜಾಸ್ತಿಯಾಗಿ ನೆಲ ಕೆಟ್ಟಿದೆ, ಇನ್ನೊಂದು ತುದಿ ನೀರಿಲ್ಲದೆ ಒಣಗಿದೆ. ಎರಡೂ ಒಂದೇ ನಾಲೆಯ ಕೆಳಗೆ.

ಹತ್ತಿ ಬಿಡಿಸುತ್ತಿದ್ದ ರೈತರಲ್ಲಿ ಒಬ್ಬರು ನನ್ನ ಊರು ಕೇಳಿದರು. ಮಂಡ್ಯ ಅಂದೆ. "ನಿಮ್ಮ ಕಡೆ ಹಾಲಿನ ರೊಕ್ಕ ಬರ್ತದಂತಲ್ರೀ" ಅಂದರು. ಹೌದು, ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಊರಿಗೂ ಡೇರಿ. ಬೆಳೆ ಹೋದರೂ ಡೇರಿ ಬಟವಾಡೆ ಬರುತ್ತದೆ. ನಮ್ಮಮ್ಮ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಆ ಬಟವಾಡೆಯಲ್ಲೇ. ಇಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಎಲ್ಲಾ ಸೇರಿ ಒಂದೇ ಹಾಲು ಒಕ್ಕೂಟ. ಮೇವಿಲ್ಲ, ಆದ್ದರಿಂದ ಹಸು ಕಡಿಮೆ. ಹಸು ಕಡಿಮೆ, ಆದ್ದರಿಂದ ಡೇರಿ ಕಡಿಮೆ. ವರ್ಷಕ್ಕೆ ಒಂದೇ ಸಲ ಕಾಸು ಕಾಣುವ ಮನೆಗೂ ವಾರ ವಾರ ಕಾಸು ಕಾಣುವ ಮನೆಗೂ ಇರುವ ವ್ಯತ್ಯಾಸ ದೊಡ್ಡದು. ವಾರ ವಾರ ಕಾಸು ಬಂದರೆ ಸಾಲ ಕೊಡುವವನ ಬಾಗಿಲಿಗೆ ಹೋಗುವುದು ತಪ್ಪುತ್ತದೆ.

ರಾತ್ರಿ ರಾಯಚೂರಿನಲ್ಲಿ ಉಳಿದೆ. 1985ರಿಂದ ಶಕ್ತಿನಗರದ ಸ್ಥಾವರ ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟಿದೆ. ಏಮ್ಸ್ ಆಸ್ಪತ್ರೆ ಬೇಕು ಅಂತ ಇಲ್ಲಿಯ ಜನ 2022ರಲ್ಲಿ ಶುರು ಮಾಡಿದ ಧರಣಿ ನಾನು ಹೋದಾಗಲೂ ನಡೆಯುತ್ತಿತ್ತು. ಖಾನಾವಳಿಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಬಸ್ ಕಂಡಕ್ಟರ್ ಒಬ್ಬರು ಮಗಳ ವಿಷಯ ಹೇಳಿದರು. 371(ಜೆ) ಮೀಸಲಾತಿಯಲ್ಲಿ ಅವಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಈ ತಿದ್ದುಪಡಿ ಆದದ್ದು 2012ರಲ್ಲಿ. ಇದರಿಂದ ಈ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ಹೊರಗಿನ ಕಾಲೇಜುಗಳಲ್ಲಿ 8 ಪರ್ಸೆಂಟ್ ಸೀಟು ಇಲ್ಲಿಯ ಮಕ್ಕಳಿಗೆ. "ನಮ್ಮಪ್ಪಗ ಉರ್ದು ಬಿಟ್ಟು ಬ್ಯಾರೆ ಓದಲಿಕ್ಕ ಬರ್ತಿರ್ಲಿಲ್ಲ. ನಾ ಎಸ್ಸೆಸ್ಸೆಲ್ಸಿ. ಮಗಳು ಇಂಜಿನಿಯರ್" ಅಂದರು. ನಿಜಾಮರ ಕಾಲದಲ್ಲಿ ಹೆಚ್ಚಿನ ಓದೆಲ್ಲ ಉರ್ದುವಿನಲ್ಲಿ. ಕನ್ನಡದ ಮಕ್ಕಳಿಗಾಗಿ ಪಂಡಿತ ತಾರಾನಾಥರಂಥವರು ಹಮ್‌ದರ್ದ್ ಶಾಲೆ ಕಟ್ಟಿದ್ದು ಇದೇ ಊರಿನಲ್ಲಿ. ಮೂರು ತಲೆಮಾರಿನ ಓದು ಒಂದೇ ತಟ್ಟೆಯ ಮುಂದೆ ಕೇಳಿ ನನಗೆ ಅನ್ನ ರುಚಿಸಿತು.

ಐದನೇ ದಿನ: ದೇವದುರ್ಗ

ದೇವದುರ್ಗಕ್ಕೆ ತುಂಗಭದ್ರೆಯ ನಾಲೆ ಇಲ್ಲ. ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆ ತಾಲ್ಲೂಕಿನ ಸ್ವಲ್ಪ ಭಾಗಕ್ಕೆ ಬಂದಿದೆ. ನಾವು ಹೋದದ್ದು ಅದೂ ಬಾರದ ಒಂದು ಹಳ್ಳಿಗೆ.

ಊರು ಹೊಕ್ಕಾಗ ಮೊದಲು ಕಂಡದ್ದು ಬೀಗ. ಒಂದು ಮನೆ ಬಿಟ್ಟು ಒಂದು ಮನೆಗೆ ಬೀಗ. ಕೆಲವು ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿದ್ದರು, ನಾಯಿ ನುಗ್ಗದಿರಲಿ ಅಂತ. ದೀಪಾವಳಿ ಮುಗಿಸಿಕೊಂಡು ಗುಳೆ ಹೋಗಿದ್ದಾರೆ. ಯುಗಾದಿಗೆ ಬರುತ್ತಾರೆ.

ಕಟ್ಟೆಯ ಮೇಲೆ ಒಬ್ಬ ಅಜ್ಜಿ ನಾಲ್ಕು ಮಕ್ಕಳನ್ನು ಸುತ್ತ ಕೂರಿಸಿಕೊಂಡು ತೊಗರಿ ಕಾಯಿ ಬಿಡಿಸುತ್ತಿದ್ದರು. ಇಬ್ಬರು ಮೊಮ್ಮಕ್ಕಳು, ಇನ್ನಿಬ್ಬರು ಪಕ್ಕದ ಮನೆಯವರು. ದೊಡ್ಡವರೆಲ್ಲ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ.

"ಎಲ್ಲಿಂದ ಬಂದಿಯೋ ಯಪ್ಪಾ?"

"ಮಂಡ್ಯದಿಂದ, ಅಜ್ಜಿ."

"ಬೆಂಗಳೂರ ಆಚಿಗೇನು? ನನ್ನ ಮಗನ್ನ ಕಂಡೀಯೇನು ಅಲ್ಲಿ?"

ಏನು ಹೇಳಬೇಕೋ ತಿಳಿಯಲಿಲ್ಲ. ಇಲ್ಲ ಅಜ್ಜಿ ಅಂದೆ. ಮಗ ಕೆಲಸ ಮಾಡುವ ಜಾಗದ ಹೆಸರು ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ 'ಹತ್ತನೇ ಮಾಳಿಗಿ ಹಾಕಾಕತ್ತೀವಿ' ಅಂದಿದ್ದಾನಂತೆ. ಇಲ್ಲಿ ಮಗನ ಮನೆಯ ಮಾಳಿಗೆ ಮಣ್ಣಿನದು, ಒಂದು ಮೂಲೆ ಕುಸಿದಿತ್ತು. ಅವರಿಗೆ ನಾಲ್ಕು ಎಕರೆ ಇದೆ. ಜಮೀನಿಲ್ಲದವರೇನಲ್ಲ. "ಮಳಿ ಬಂದ್ರ ಹೊಲ, ಬರದಿದ್ರ ಬೆಂಗಳೂರು" ಅಂತ ಕೈಯಲ್ಲಿ ಎರಡು ದಿಕ್ಕು ತೋರಿಸಿದರು.

ಮೊದಲೆಲ್ಲ ಇಷ್ಟು ದೂರ ಹೋಗುತ್ತಿರಲಿಲ್ಲವಂತೆ. ಅವರ ಹರೆಯದಲ್ಲಿ ಸುಗ್ಗಿ ಕಾಲಕ್ಕೆ ಊರಿನ ಹೆಣ್ಣುಮಕ್ಕಳೆಲ್ಲ ಸೇರಿ ನಾಲೆ ಕಡೆ ಹೋಗುತ್ತಿದ್ದರು. ಸಿಂಧನೂರಿನ ಕಡೆ ನೆಲ್ಲು ಕೊಯ್ದು, ಕೂಲಿಗೆ ನೆಲ್ಲನ್ನೇ ತಂದು, ವರ್ಷವೆಲ್ಲ ಹಬ್ಬಕ್ಕೆ ಅನ್ನ ಮಾಡುತ್ತಿದ್ದರು. ಹೇಳುವಾಗ ಅಜ್ಜಿಯ ಮುಖ ಅರಳಿತ್ತು. ಹಾಡು ಹೇಳುತ್ತಾ ಕೊಯ್ಯುತ್ತಿದ್ದರಂತೆ.

ಊರಿನ ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕ ತೋರಿಸಿದರು. ಐದನೇ ಕ್ಲಾಸಿನ ಪುಟದಲ್ಲಿ ಅಕ್ಟೋಬರ್‌ವರೆಗೆ ಸಾಲು ತುಂಬಿದೆ. ನವೆಂಬರ್‌ನಲ್ಲಿ ಅರ್ಧ ಸಾಲು ಗೈರು. "ಅಜ್ಜಿ ಇದ್ದ ಮನಿ ಮಕ್ಕಳು ಉಳೀತಾರ. ಅಜ್ಜಿ ಇಲ್ಲದವರು ಅಪ್ಪ ಅವ್ವನ ಕೂಡ ಹೋಗ್ತಾರ" ಅಂದರು. ಯುಗಾದಿಗೆ ಬಂದ ಮಕ್ಕಳಿಗೆ ಅವರು ಮನೆಯಲ್ಲಿ ಕೂರಿಸಿಕೊಂಡು ತಪ್ಪಿಹೋದ ಪಾಠ ಹೇಳಿಕೊಡುತ್ತಾರಂತೆ. ಇದಕ್ಕೆ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ.

ಆರನೇ ದಿನ: ತಿಂಥಣಿ, ಸುರಪುರ, ಮತ್ತೆ ದೇವದುರ್ಗ

ಬೆಳಿಗ್ಗೆ ತಿಂಥಣಿ ಬ್ರಿಡ್ಜ್ ದಾಟಿ ಯಾದಗಿರಿ ಜಿಲ್ಲೆಗೆ ಹೋದೆ. ಕೆಳಗೆ ಕೃಷ್ಣೆ ಅಗಲವಾಗಿ ಹರಿಯುತ್ತಿತ್ತು. ತಿಂಥಣಿ ಮೌನೇಶ್ವರನಿಗೆ ಕೈಮುಗಿದು ಸುರಪುರದವರೆಗೆ ಹೋಗಿಬಂದೆ. ನಾರಾಯಣಪುರ ಎಡದಂಡೆ ನಾಲೆಯ ಕೆಳಗೆ ಇಲ್ಲೂ ನೆಲ್ಲು, ಇಲ್ಲೂ ಕ್ಯಾಂಪುಗಳು. ಆ ಡ್ಯಾಂ ಮುಗಿದದ್ದು 1982ರಲ್ಲಿ. ಗಂಗಾವತಿಯಲ್ಲಿ ಅಜ್ಜಂದಿರ ಕಾಲಕ್ಕೆ ನಡೆದ ಕಥೆ ಇಲ್ಲಿ ಅಪ್ಪಂದಿರ ಕಾಲಕ್ಕೆ ನಡೆದಿದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83 ಪರ್ಸೆಂಟ್, ರಾಜ್ಯಕ್ಕೇ ಕಡಿಮೆ. ಹೆಣ್ಣುಮಕ್ಕಳದ್ದು 41.38. ಅದೇ ವರ್ಷ ನಮ್ಮ ಮಂಡ್ಯ 70ರ ಮೇಲಿತ್ತು. ಕೃಷ್ಣೆ, ಭೀಮಾ ಎರಡೂ ಹರಿಯುವ ಜಿಲ್ಲೆ ಇದು. ಬ್ರಿಡ್ಜಿನ ಮೇಲೆ ನಿಂತು ನದಿ ನೋಡುವಾಗ ತಾತನ ಮಾತು ನೆನಪಾಯಿತು. ಅವರು ಸುಳ್ಳು ಹೇಳಿರಲಿಲ್ಲ. ಸಕ್ಕರೆ ಕಾರ್ಖಾನೆ, ಡೇರಿ, ರೈಲು, ಕನ್ನಡ ಶಾಲೆ, ನಡೆದು ಹೋಗುವಷ್ಟು ಹತ್ತಿರದ ಪೇಟೆ ಇವೆಲ್ಲ ಅವರಿಗೆ ಗಾಳಿ ಬೆಳಕಿನ ಹಾಗೆ ಮೊದಲಿಂದಲೇ ಇದ್ದವು. ಹಾಗಾಗಿ ಎಣಿಸುವಾಗ ನೀರನ್ನು ಮಾತ್ರ ಎಣಿಸಿದರು.

ಸಂಜೆ ದೇವದುರ್ಗದಲ್ಲಿ ಬೆಂಗಳೂರಿನ ಬಸ್ಸು ಹತ್ತಿದೆ. ಕೆಂಪು ವೇಗದೂತ. ಸಿರವಾರ, ಸಿಂಧನೂರು, ಗಂಗಾವತಿ, ಹೊಸಪೇಟೆ ಮೇಲೆ ಹೋಗುತ್ತದೆ. ನಾನು ಐದು ದಿನ ನೋಡಿದ ದಾರಿಯೆಲ್ಲ ಒಂದೇ ರಾತ್ರಿಯಲ್ಲಿ, ಹಿಂದುಮುಂದಾಗಿ. ಬಸ್ಸಿನ ತುಂಬಾ ಗುಳೆ ಹೋಗುವವರು. ಸಲಾಕೆ, ಬುಟ್ಟಿ, ಜೋಳದ ಹಿಟ್ಟಿನ ಚೀಲ, ಹೊದಿಕೆಯ ಗಂಟು. ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಟಿಕೆಟ್ ತೆಗೆದುಕೊಂಡರು. ಒಂದು ಮನೆಗೆ ಅಷ್ಟು ದುಡ್ಡು ಉಳಿದರೂ ಅದು ಒಂದು ವಾರದ ಸಂತೆ.

ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ತಾಯಿ, ಕಿಟಕಿ ಹತ್ತಿರ ಎಂಟೊಂಬತ್ತು ವರ್ಷದ ಮಗ. ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆಗೆ ಜಾರಿದ್ದರು. ಹುಡುಗನ ಮಡಿಲಲ್ಲಿ ಶಾಲೆಯ ಚೀಲ. ಅಜ್ಜಿ ಇಲ್ಲದ ಮನೆ ಇರಬೇಕು ಅಂದುಕೊಂಡೆ, ಕೇಳಲಿಲ್ಲ. ತಾಯಿ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಹುಡುಗ ದಾರಿಯಲ್ಲಿ ಬಸ್ಸಿನ ಬೆಳಕು ಬಿದ್ದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬಂದ. ಸಿ-ರ-ವಾ-ರ. ಕ-ವಿ-ತಾ-ಳ. ಒತ್ತಕ್ಷರ ಬಂದರೆ ಒಂದು ಕ್ಷಣ ನಿಂತು, ತುಟಿಯಲ್ಲೇ ಜೋಡಿಸಿಕೊಂಡು, ಆಮೇಲೆ ಹೇಳುತ್ತಿದ್ದ. ಚೆನ್ನಾಗಿ ಓದುತ್ತಿದ್ದ.

ಸಿಂಧನೂರು ಹತ್ತಿರ ಬಂದಾಗ ಹೊರಗೆ ಹಗಲಿನಂಥ ಬೆಳಕು. ಹೊಲದಲ್ಲಿ ದೊಡ್ಡ ದೊಡ್ಡ ಲೈಟ್ ಹಾಕಿಕೊಂಡು ಯಂತ್ರಗಳು ನೆಲ್ಲು ಕೊಯ್ಯುತ್ತಿದ್ದವು. ರಸ್ತೆ ಪಕ್ಕ ನೆಲ್ಲಿನ ರಾಶಿ, ಕಾಯುತ್ತಾ ನಿಂತ ಲಾರಿಗಳು. ಹುಡುಗ ಕಿಟಕಿಗೆ ಮುಖ ಒತ್ತಿಕೊಂಡು ನೋಡಿದ.

"ಯವ್ವಾ, ಇಲ್ಲೇ ಇಷ್ಟು ಕೆಲಸ ಅದಲ್ಲ. ಇಲ್ಲೇ ಇಳಿಯೂಣು?"

"ಈಗ ಮಿಷಿನ್ ಕೊಯ್ತಾವೋ. ಮನಷ್ಯಾರು ಬೇಕಿಲ್ಲ" ಅಂದರು ತಾಯಿ. ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗು ಹೊದಿಸಿದರು.

ಅವನು ನಿದ್ದೆ ಮಾಡಲಿಲ್ಲ. ಬಸ್ಸು ನಿಲ್ದಾಣದೊಳಗೆ ತಿರುಗುವಾಗ ಸೆರಗಿನ ಕೆಳಗಿನಿಂದಲೇ ಬೋರ್ಡು ಓದುವುದು ಕೇಳಿಸಿತು. ಸಿಂ. ಸಿಂಧ. ಸಿಂಧನೂರು.